ಇರಣ್ಣನ ಜೋಕಾಲಿ ಕೊಕ್ಕೆ

ಪಂಚಮಿ ಹತ್ತಿರ ಬಂತೆಂದರೆ ಟೆಕ್ಸಸ್‌ನ ಶುಗರ್ ಲ್ಯಾಂಡಿನ ಇರಣ್ಣನನ್ನು ಕಂಡವರೆಲ್ಲ ಕೇಳುವುದು ಒಂದೇ ಮಾತು. “ಜೋಕಾಲಿ ಗಟ್ಟಿ ಐತಿಲ್ರಿ?”

ಈ ಪ್ರಶ್ನೆಗೆ ಇರಣ್ಣನ ಹತ್ತಿರ ಮೂರು ಉತ್ತರಗಳಿದ್ದವು. ಒಂದು, ಕೊಕ್ಕೆಯನ್ನು ಪಾನಾದಿಂದ ಹೊಡೆದು ಠಣ್ ಎನ್ನಿಸಿ ತೋರಿಸುವುದು. ಇನ್ನೊಂದು, ತೊಂಬತ್ತೆಂಟು ಕಿಲೋ ತೂಗುವ ತಾನೇ ಹಗ್ಗ ಹಿಡಿದು ಜೋತು ಬೀಳುವುದು. ಮೂರನೆಯದು, ಕೊಕ್ಕೆಗೆ ಹೊಸದಾಗಿ ಕೆಂಪು ಬಣ್ಣ ಬಳಿಯುವುದು. ಈ ಮೂರನೆಯದರ ಮೇಲೆ ಅವನಿಗೆ ಭಾರೀ ನಂಬಿಕೆ. ಬಣ್ಣ ಒಣಗಿ ಕೊಕ್ಕೆ ಮಿರಿಮಿರಿ ಮಿಂಚಿದರೆ ಅದು ನಿನ್ನೆ ಮೊನ್ನೆ ಕುಲುಮೆಯಿಂದ ಇಳಿದದ್ದೇ ಎಂದು ಅವನಿಗೇ ಅನ್ನಿಸಿಬಿಡುತ್ತಿತ್ತು.

ಇರಣ್ಣನದು ಬಾಗಲಕೋಟೆ ಕಡೆ. ಶುಗರ್ ಲ್ಯಾಂಡಿನಲ್ಲಿ ಜೋಳದ ರೊಟ್ಟಿ, ಶೇಂಗಾ ಹಿಂಡಿ ಮಾರುವ ಅಂಗಡಿ ಇಟ್ಟಿದ್ದ. ರೊಟ್ಟಿ ಬಡಿಯುವುದು ಹೆಂಡತಿ ನಿಂಗವ್ವ, ಮಾತಾಡುವುದು ಇರಣ್ಣ. ಹದಿಮೂರು ವರ್ಷದ ಹಿಂದೆ ಅವನು ಹಿತ್ತಲಲ್ಲಿ ಎಣ್ಣೆ ಬಾವಿಯ ಹಳೆಯ ಪೈಪುಗಳನ್ನು ಕೂಡಿಸಿ ದೊಡ್ಡ ಚೌಕಟ್ಟು ನಿಲ್ಲಿಸಿ ಜೋಕಾಲಿ ಕಟ್ಟಿದ. ಮೊದಲ ದಿನವೇ ಹಗ್ಗ ಪೈಪಿಗೆ ಉಜ್ಜಿ ಹರಿಯತೊಡಗಿತು. ಅದೇ ವರ್ಷ ಊರಿಗೆ ಹೋದಾಗ ಕಮ್ಮಾರನ ಮುಂದೆ ಕೂತು ಹೆಬ್ಬೆರಳು ಗಾತ್ರದ ನಾಲ್ಕು ಕೊಕ್ಕೆ ಮಾಡಿಸಿ, ಧೋತರದಲ್ಲಿ ಸುತ್ತಿ ಸೂಟ್‌ಕೇಸಿನಲ್ಲಿ ತಂದ. ಹ್ಯೂಸ್ಟನ್ ವಿಮಾನ ನಿಲ್ದಾಣದಲ್ಲಿ ಅಧಿಕಾರಿ ಅದನ್ನು ಎತ್ತಿ ಹಿಡಿದು ಇದೇನು ಎಂದು ಕೇಳಿದಾಗ ಇರಣ್ಣ “ಫೆಸ್ಟಿವಲ್” ಎಂದಿದ್ದನಂತೆ. ನಾಲ್ಕರಲ್ಲಿ ಎರಡನ್ನು ತಾನು ಇಟ್ಟುಕೊಂಡು, ಎರಡನ್ನು ಡಾಲಸ್ ಹತ್ತಿರದ ಪ್ಲೇನೋದ ಗೆಳೆಯ ಅಣ್ಣಾಸಾಹೇಬನಿಗೆ ಕೊಟ್ಟ. ಅಂದಿನಿಂದ ಎರಡೂ ಊರಿನಲ್ಲಿ ಪಂಚಮಿಯ ಶನಿವಾರ ನಮ್ಮ ಹೆಣ್ಣುಮಕ್ಕಳು ಜೀಕುವುದು ಆ ಕೊಕ್ಕೆಗಳ ಮೇಲೆಯೇ.

ಈ ವರ್ಷದ ಪಂಚಮಿ ಇರಣ್ಣನಿಗೆ ಬೇರೆಯದೇ. ಮಗಳು ದಿಯಾಳ ಮದುವೆಯಾದ ಮೇಲೆ ಇದು ಮೊದಲ ಪಂಚಮಿ. ಆಸ್ಟಿನ್‌ನಿಂದ ಶುಕ್ರವಾರ ತವರಿಗೆ ಬರುವವಳಿದ್ದಳು. ಮೊದಲ ಜೀಕು ಅವಳದೇ ಎಂದು ಮನೆಯಲ್ಲಿ ತೀರ್ಮಾನವಾಗಿತ್ತು.

ಪಂಚಮಿಯ ಶನಿವಾರಕ್ಕೆ ಆರು ದಿನ ಮೊದಲು, ಭಾನುವಾರ ಮಧ್ಯಾಹ್ನ, ಇರಣ್ಣ ಗ್ಯಾರೇಜಿನಲ್ಲಿ ಕೂತು ಬಣ್ಣದ ಡಬ್ಬಿಯ ಮುಚ್ಚಳ ತೆಗೆಯುತ್ತಿದ್ದ. ಒಳಗೆ ನಿಂಗವ್ವನ ಜತೆ ಉಂಡಿ ಕಟ್ಟಲು ಬಂದಿದ್ದ ಶ್ರಾವಣಿ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು. ಮೈಸೂರಿನ ಹುಡುಗಿ. ಹೋದ ವರ್ಷವಷ್ಟೇ ಈ ಬಡಾವಣೆಗೆ ಶಿಫ್ಟ್ ಆಗಿದ್ದಳು. ಹ್ಯೂಸ್ಟನ್ನಿನಲ್ಲಿ ಎಣ್ಣೆ ಬಾವಿ ಕೊರೆಯುವ ಸಲಕರಣೆಗಳನ್ನು ಪರೀಕ್ಷೆ ಮಾಡುವ ಕಡೆ ಅವಳಿಗೆ ಕೆಲಸ.

“ಅಂಕಲ್, ಒಂದ್ನಿಮಿಷ. ಬಣ್ಣ ಹಚ್ಬೇಡಿ.”

“ಯಾಕವ್ವಾ? ಬಣ್ಣ ಚಲೋ ಇಲ್ಲೇನು?”

“ಬಣ್ಣ ಚೆನ್ನಾಗಿದೆ. ಕೊಕ್ಕೆ ಹೇಗಿದೆ ಅಂತ ಯಾರಾದ್ರೂ ನೋಡಿದಾರಾ?”

ಇರಣ್ಣ ಪಾನಾ ತೆಗೆದು ಕೊಕ್ಕೆಗೆ ಒಂದು ಕೊಟ್ಟ. ಠಣ್ ಎಂದಿತು. “ಕೇಳಿದಿಲ್ಲ?”

“ಕೇಳಿದೆ. ಸಣ್ಣ ಬಿರುಕಿದ್ರೂ ಹೀಗೇ ಸದ್ದು ಬರತ್ತೆ ಅಂಕಲ್.”

“ನಾನs ಜೋತು ಬಿದ್ದು ನೋಡೀನಿ. ತೊಂಬತ್ತೆಂಟು ಕಿಲೋ.”

“ನೀವು ಸುಮ್ನೆ ಜೋತು ಬಿದ್ರೆ ನಿಮ್ಮ ತೂಕ ಅಷ್ಟೇ. ಇಬ್ರು ನಿಂತ್ಕೊಂಡು ಜೀಕಿದ್ರೆ, ಕೆಳಗೆ ಬರೋ ಹೊತ್ತಿಗೆ ತೂಕ ಎರಡು ಪಟ್ಟಾಗತ್ತೆ. ಒಂದೊಂದ್ಸಲ ಅದಕ್ಕೂ ಜಾಸ್ತಿ. ಒಂದ್ಸಲ ಅಲ್ಲ, ದಿನವಿಡೀ.”

ಇರಣ್ಣನಿಗೆ ಇದು ಹಿಡಿಸಲಿಲ್ಲ. ಜೀಕಿದರೆ ಮನುಷ್ಯ ದಪ್ಪಗಾಗುತ್ತಾನೆಯೇ? ಹದಿಮೂರು ವರ್ಷ ಏನೂ ಆಗದ ಕೊಕ್ಕೆಗೆ ಈಗ ಏನಾಗಬೇಕು? ಹಾಗೆಂದು ಕೇಳಿಯೂ ಬಿಟ್ಟ.

“ಹದಿಮೂರು ವರ್ಷ ಆಗಿದೆ ಅಂತಲೇ ಹೇಳ್ತಿರೋದು ಅಂಕಲ್. ಬಿರುಕು ಶುರುವಾದ್ರೆ ಪ್ರತಿ ಜೀಕಿಗೂ ಒಂಚೂರು ಬೆಳೆಯತ್ತೆ. ಕಣ್ಣಿಗೆ ಕಾಣಲ್ಲ. ನಾಳೆ ಆಫೀಸಲ್ಲಿ ನಮ್ಮ ಬಾಸ್‌ನ ಕೇಳ್ಕೊಂಡು ಮ್ಯಾಗ್ನೆಟ್ ತರ್ತೀನಿ. ಮ್ಯಾಗ್ನೆಟ್ ಇಟ್ಟು ನೋಡಿದ್ರೆ ಗೊತ್ತಾಗತ್ತೆ.”

“ಇಷ್ಟs ಅಲ್ಲ?” ಎಂದು ಇರಣ್ಣ ಒಳಗೆ ಹೋದ. ಫ್ರಿಜ್ಜಿಗೆ ಅಂಟಿಸಿದ್ದ ಟೆಕ್ಸಸ್ ನಕ್ಷೆಯ ಮ್ಯಾಗ್ನೆಟ್ಟನ್ನು ಕಿತ್ತು ತಂದು ಕೊಕ್ಕೆಗೆ ಹಚ್ಚಿದ. ಗಪ್ಪನೆ ಹಿಡಿದುಕೊಂಡಿತು. ಕೊಕ್ಕೆಯ ಕುತ್ತಿಗೆಗೆ ಹಚ್ಚಿದ, ಬಾಗಿಗೆ ಹಚ್ಚಿದ, ತುದಿಗೆ ಹಚ್ಚಿದ. ಎಲ್ಲ ಕಡೆಯೂ ಹಿಡಿಯಿತು. “ನೋಡವ್ವಾ. ಪಾಸ್.”

ಶ್ರಾವಣಿ ನಗು ತಡೆದುಕೊಂಡಳು. “ಅದರಿಂದ ಇದು ಕಬ್ಬಿಣ ಅಂತ ಗೊತ್ತಾಯ್ತು. ಬಿರುಕಿಲ್ಲ ಅಂತ ಗೊತ್ತಾಗ್ಲಿಲ್ಲ.”

“ಮ್ಯಾಗ್ನೆಟ್ ಹಚ್ಚು ಅಂದಾಕಿ ನೀನs. ಹಚ್ಚಿದ್ರ ಅಲ್ಲ ಅಂತಿ.” ಇರಣ್ಣನ ತಲೆ ಅಲ್ಲಿಂದಲೇ ಗೊಂದಲದ ಗೂಡಾಗತೊಡಗಿತು.

ನಿಂಗವ್ವ ಬಾಗಿಲಲ್ಲಿ ನಿಂತು ಇದನ್ನೆಲ್ಲ ಕೇಳುತ್ತಿದ್ದಳು. “ಆ ಹುಡುಗಿ ಅದನ್ನs ಕಲತು ಬಂದೈತಿ. ನೀವು ರೊಟ್ಟಿ ಮಾರಾವ್ರು. ಒಂದಿನ ಸುಮ್ನ ಕುಂತು ನೋಡ್ರಲ್ಲ,” ಎಂದಳು.

ಆ ಸಂಜೆ ಬಣ್ಣ ಕರಗಿಸುವ ದ್ರಾವಣ ಹಚ್ಚಿ ಮೂವರೂ ಕೊಕ್ಕೆಗಳನ್ನು ಕೆರೆದರು. ಒಂದೊಂದೇ ಪದರ ಸುಲಿಯುತ್ತ ಬಂತು. ಕೆಂಪು, ಅದರ ಕೆಳಗೆ ಕೆಂಪು, ಮತ್ತೆ ಕೆಂಪು. ನಡುವೆ ಒಂದೇ ಒಂದು ಪದರ ಗಿಣಿಹಸಿರು.

“ಇದ್ಯಾಕೆ ಆಂಟಿ ಹಸಿರು?”

“ಅದಾ? ದಿಯಾ ಹೈಸ್ಕೂಲ್ ಮುಗಿಸಿದ ವರ್ಷ. ಕೆಂಪು ತೀರಿತ್ತು, ಹಿತ್ತಲ ಗೇಟಿಗೆ ತಂದಿದ್ದ ಹಸಿರು ಹಚ್ಚಿಬಿಟ್ರು. ಎಂಟು ವರ್ಷಾತು. ಎಲ್ಲಾರೂ ನಕ್ಕಿದ್ರು, ಆಮೇಲೆ ಎಂದೂ ಹಸಿರು ಹಚ್ಚಲಿಲ್ಲ.” ನಿಂಗವ್ವ ಕೆರೆಯುವುದು ನಿಲ್ಲಿಸಿ ನಕ್ಕಳು. “ಆ ವರ್ಷ ದಿಯಾ ಗೆಳತೀನ್ನ ಎದುರು ನಿಂದ್ರಿಸಿಕೊಂಡು ಎಷ್ಟು ಮ್ಯಾಲ ಜೀಕಿದ್ಲು ಅಂತಿ, ಬೇಲಿ ಆಚಿಗಿನ ಮನಿ ಚಾವಣಿ ಮ್ಯಾಲ ಕುಂತ ಹಕ್ಕಿ ಎದ್ದು ಹೋದ್ವು.”

ಸೋಮವಾರ ಕೆಲಸ ಮುಗಿಸಿ ಶ್ರಾವಣಿ ಎರಡು ಪೆಟ್ಟಿಗೆ ಹಿಡಿದು ಬಂದಳು. ಒಂದರಲ್ಲಿ ಎರಡು ಕಾಲಿನ, ವೈರು ಇರುವ ಮ್ಯಾಗ್ನೆಟ್. ಕರೆಂಟು ಕೊಟ್ಟಾಗ ಮಾತ್ರ ಹಿಡಿಯುವಂಥದ್ದು. ಇನ್ನೊಂದರಲ್ಲಿ ನೇರಳೆ ದೀಪ, ಕನ್ನಡಕ, ಒಂದು ಸೀಸೆ. ಸೀಸೆಯಲ್ಲಿದ್ದದ್ದು ಹಿಟ್ಟಿಗಿಂತ ನುಣ್ಣಗಿನ ಕಬ್ಬಿಣದ ಪುಡಿ ಕಲಸಿದ ದ್ರವ. ಹೊರಗೆ ಇನ್ನೂ ಸುಡುಬಿಸಿಲು. ಗ್ಯಾರೇಜಿನ ಬಾಗಿಲು ಇಳಿಸಿ ಕತ್ತಲೆ ಮಾಡಿದರು. ಇರಣ್ಣ ಕನ್ನಡಕ ಹಾಕಿಕೊಂಡು ಸ್ಟೂಲಿನ ಮೇಲೆ ಕೂತ. ಬೆವರು ಕಿತ್ತುಕೊಂಡು ಬರುತ್ತಿತ್ತು.

“ನಿಮ್ಮೂರಲ್ಲಿ ಕಾಲುವೆ ಇದೆ ಅಲ್ವಾ ಅಂಕಲ್?”

“ಐತಿ. ಘಟಪ್ರಭಾದ್ದು.”

“ದಂಡೆ ಸರಿಯಾಗಿದ್ರೆ ನೀರು ಒಳಗೇ ಹರಿಯತ್ತೆ. ದಂಡೆ ಒಡೆದಿದ್ರೆ?”

“ಮಗ್ಗಲ ಹೊಲಕ್ಕ ಹೊಕ್ಕತೈತಿ. ದೊಡ್ಡ ಜಗಳಾಗತೈತಿ.”

“ಮ್ಯಾಗ್ನೆಟ್ ಇಟ್ಟಾಗ ಅದರ ಶಕ್ತಿ ಕಬ್ಬಿಣದ ಒಳಗೆ ಹೀಗೇ ಹರಿಯತ್ತೆ. ಬಿರುಕು ಅಡ್ಡ ಸಿಕ್ಕಿದ್ರೆ ಅಲ್ಲಿ ಹೊರಗೆ ಸೋರತ್ತೆ. ಸೋರಿದ ಜಾಗಕ್ಕೆ ಈ ಪುಡಿ ಹೋಗಿ ಗುಂಪುಗೂಡತ್ತೆ. ನೇರಳೆ ದೀಪದಲ್ಲಿ ಪುಡಿ ಹೊಳೆಯತ್ತೆ. ಅಷ್ಟೇ.”

ಇಷ್ಟು ಇರಣ್ಣನಿಗೆ ತಿಳಿಯಿತು. ತಿಳಿದದ್ದು ಅಷ್ಟೇ.

ಶ್ರಾವಣಿ ಮೊದಲ ಕೊಕ್ಕೆಯ ಮೇಲೆ ಮ್ಯಾಗ್ನೆಟ್ಟನ್ನು ಹಾಗೊಮ್ಮೆ ಹೀಗೊಮ್ಮೆ ಇಟ್ಟು ನೋಡಿ, ಏನೂ ಇಲ್ಲವೆಂದು ಬದಿಗಿಟ್ಟಳು. ಎರಡನೆಯದನ್ನು ತೆಗೆದುಕೊಂಡು ಅದರ ಎರಡು ಮಗ್ಗುಲಿಗೆ ಮ್ಯಾಗ್ನೆಟ್ಟಿನ ಕಾಲುಗಳನ್ನು ಇಟ್ಟು, ದ್ರವ ಸುರಿದು, ದೀಪ ಹಿಡಿದಳು. ಕುತ್ತಿಗೆಯ ಹತ್ತಿರ ನಿಂಬೆಹಣ್ಣಿನ ಬಣ್ಣದ ಒಂದು ಮಬ್ಬು ಕಲೆ ಹೊಳೆಯಿತು.

ಇರಣ್ಣ ಸ್ಟೂಲಿನಿಂದ ಅರ್ಧ ಎದ್ದ. “ಬಿರುಕು.”

“ಅಲ್ಲ ಅನ್ಸತ್ತೆ.” ಅವಳು ಬಟ್ಟೆಯಿಂದ ಒರೆಸಿ, ಉಗುರಿನಿಂದ ಏನನ್ನೋ ಕೆರೆದು ತೆಗೆದಳು. ಮತ್ತೆ ದ್ರವ ಸುರಿದಳು. ಕಲೆ ಮಾಯ. “ನೋಡಿ, ಬಣ್ಣದ ಚೂರು ಉಳಿದಿತ್ತು. ಅದಕ್ಕೆ ಪುಡಿ ಸಿಕ್ಕಾಕೊಂಡಿತ್ತು. ಬಿರುಕಲ್ಲ.”

“ಅಂದ್ರ ಪಾಸ್?”

“ಈ ದಿಕ್ಕಿಗೆ ಏನೂ ಕಾಣ್ತಿಲ್ಲ. ಇನ್ನೂ…”

ಇರಣ್ಣ ‘ಇನ್ನೂ’ ಎಂಬುದನ್ನು ಕೇಳಿಸಿಕೊಳ್ಳಲೇ ಇಲ್ಲ. ಸಂತೋಷದ ಭರದಲ್ಲಿ ಫೋನು ತೆಗೆದ. ಶುಗರ್ ಲ್ಯಾಂಡ್, ಪ್ಲೇನೋ, ಲೂಯಿಸ್‌ವಿಲ್‌ನವರೆಲ್ಲ ಇರುವ ಜೋಕಾಲಿ ವಾಟ್ಸಾಪ್ ಗುಂಪಿಗೆ ಆ ಕತ್ತಲೆಯಲ್ಲಿಯೇ ಬರೆದುಬಿಟ್ಟ: “ನಮ್ಮ ಕೊಕ್ಕೆಗಳನ್ನು ಮ್ಯಾಗ್ನೆಟ್ ಮಷಿನ್ ಹಚ್ಚಿ ಟೆಸ್ಟ್ ಮಾಡಿಸಿದೆ. ಪಾಸ್. ಎಲ್ಲರೂ ಧೈರ್ಯದಿಂದ ಬನ್ನಿ.” ಅರೆಕ್ಷಣದಲ್ಲಿ ಹನ್ನೆರಡು ಮಂದಿ ಕೈ ಮುಗಿದರು. ಅಣ್ಣಾಸಾಹೇಬ ಬರೆದ: “ಹಂಗಾದ್ರ ನಮ್ಮವೂ ಪಾಸ್. ಒಬ್ಬ ಕಮ್ಮಾರ, ಒಂದ ಕಬ್ಬಿಣ.”

ಇರಣ್ಣ ತಲೆಯೆತ್ತಿದಾಗ ಶ್ರಾವಣಿ ಮ್ಯಾಗ್ನೆಟ್ಟನ್ನು ತಿರುಗಿಸಿ ಇಟ್ಟಿದ್ದಳು. ಈಗ ಒಂದು ಕಾಲು ಕೊಕ್ಕೆಯ ಕುತ್ತಿಗೆಗೆ, ಇನ್ನೊಂದು ತುದಿಗೆ. ದ್ರವ ಸುರಿದು ದೀಪ ಹಿಡಿದಳು. ಕೊಕ್ಕೆಯ ಒಳಬಾಗಿನಲ್ಲಿ, ಹಗ್ಗದ ತುದಿಯ ಬಳೆ ಕೂರುವ ಜಾಗದಲ್ಲಿಯೇ, ಒಂದು ಗೆರೆ ಎದ್ದಿತು. ಮಬ್ಬಲ್ಲ. ಸೂಜಿಯಲ್ಲಿ ಗೀರಿದ ಹಾಗೆ ತೆಳ್ಳಗೆ, ಚೂಪಾಗಿ ಹೊಳೆಯುತ್ತಿತ್ತು.

ಇರಣ್ಣ ಕನ್ನಡಕ ಸರಿಮಾಡಿಕೊಂಡು ಕೊಕ್ಕೆಯ ಮೇಲೆ ಬಗ್ಗಿದ.

“ಅದೂ ಬಣ್ಣದ ಚೂರಿರಬೇಕು,” ಎಂದ ಇರಣ್ಣ.

ಶ್ರಾವಣಿ ಒರೆಸಿದಳು. ಮತ್ತೆ ಸುರಿದಳು. ಗೆರೆ ಅಲ್ಲಿಯೇ ಎದ್ದಿತು. ಇರಣ್ಣ ತಾನೇ ಬಟ್ಟೆ ಕಸಿದುಕೊಂಡು ಒತ್ತಿ ಒತ್ತಿ ಒರೆಸಿದ. ಗೆರೆ ಮತ್ತೆ ಬಂತು. ಮೂರು ಸಲ ಒರೆಸಿದರು, ಮೂರು ಸಲವೂ ಅಷ್ಟೇ ಉದ್ದಕ್ಕೆ, ಅದೇ ಜಾಗಕ್ಕೆ ಬಂತು.

“ನೀ ಏನ್ ಹೇಳಾಕತ್ತಿ ನನಗ ತಿಳೀವಲ್ತವ್ವಾ. ಮೊದ್ಲು ಇತ್ತು, ಅದು ಅಲ್ಲ ಅಂದಿ. ಆಮ್ಯಾಲ ಇದ್ದಿದ್ದಿಲ್ಲ. ಈಗ ಇಲ್ಲದ್ದು ಬಂದೈತಿ, ಇದು ಹೌದು ಅಂತಿ. ಅದs ಕೊಕ್ಕಿ, ಅದs ಮ್ಯಾಗ್ನೆಟ್. ಇದೇನು ಕಣ್ಣಾಮುಚ್ಚಾಲಿ?”

“ಅಂಕಲ್, ಕಾಲುವೆಗೆ ಒಂದು ಹಲಗೆ ಇಳಿಸ್ತೀರ ಅನ್ಕೊಳ್ಳಿ. ನೀರು ಹರಿಯೋ ದಿಕ್ಕಿಗೇ ಉದ್ದಕ್ಕೆ ಇಟ್ರೆ?”

“ನೀರಿಗೇನು? ಎರಡೂ ಮಗ್ಗಲ ಹಾದು ಹೋಗತೈತಿ.”

“ಅಡ್ಡ ಇಟ್ರೆ?”

ಇರಣ್ಣ ಅಂಗೈಯನ್ನು ಗಾಳಿಯಲ್ಲಿ ಅಡ್ಡ ಹಿಡಿದು ನೋಡಿದ. ತಡೆದು ಹೇಳಿದ: “ಅಡ್ಡ ಇಟ್ರ ತುಳುಕತೈತಿ.”

“ಮೊದಲನೇ ಸಲ ಬಿರುಕು ಉದ್ದಕ್ಕಿತ್ತು, ಕಾಣ್ಲಿಲ್ಲ. ಮ್ಯಾಗ್ನೆಟ್ ತಿರುಗಿಸಿದಾಗ ಅಡ್ಡ ಸಿಕ್ತು. ಅದಕ್ಕೇ ಎರಡು ದಿಕ್ಕಿಗೂ ನೋಡಲೇಬೇಕು. ನಾನು ಹೇಳ್ತಾ ಇದ್ದೆ, ಅಷ್ಟರಲ್ಲಿ ನೀವು ಫೋನ್ ತೆಗೆದ್ರಿ.”

ಫೋನಿನ ಮಾತು ಬಂದಾಗ ಇರಣ್ಣನ ಮುಖ ಸಪ್ಪಗಾಯಿತು. ಹದಿಮೂರು ವರ್ಷ ಜೋಕಾಲಿ ಇರಣ್ಣ ಎಂದು ಕರೆಸಿಕೊಂಡವನು. ಈಗ ಎಲ್ಲರ ಮುಂದೆ ತಪ್ಪಾಯಿತು ಎನ್ನಬೇಕೇ? “ವೆಲ್ಡಿಂಗ್ ಮಾಡಿಸಿದ್ರಾತು. ಮ್ಯಾಲೊಂದು ಬಣ್ಣ ಹೊಡದ್ರ ಯಾರಿಗೂ ಗೊತ್ತಾಗಂಗಿಲ್ಲ,” ಎಂದ.

“ಇಂಥಾ ಕೊಕ್ಕೆಗೆ ವೆಲ್ಡ್ ಮಾಡ್ಲೇಬಾರ್ದು. ಪಕ್ಕದಲ್ಲೇ ಇನ್ನೊಂದು ಬಿರುಕು ಶುರುವಾಗ್ಬಹುದು. ಇದನ್ನ ಬಳಸೋದೇ ಬಿಟ್ಬಿಡಬೇಕು ಅಂಕಲ್.”

“ಕೂದಲೆಳಿ ಅಷ್ಟ ಐತಿ. ಅಷ್ಟಕ್ಕ ಮುರೀತೈತಿ?”

“ಮೇಲೆ ಕಾಣೋದು ಕೂದಲೆಳೆ. ಒಳಗೆ ಎಷ್ಟು ಇಳಿದಿದೆ ಅಂತ ಈ ಟೆಸ್ಟ್ ಹೇಳಲ್ಲ. ನಾಳೆ ನಮ್ಮ ವರ್ಕ್‌ಶಾಪಿಗೆ ಬನ್ನಿ, ಪ್ರೆಸ್ ಅಂತ ಯಂತ್ರ ಇದೆ, ಅದರಲ್ಲಿ ಇಟ್ಟು ಎಳೆದು ನೋಡೋಣ. ನಾನು ತಪ್ಪಿದ್ರೆ ಕಮ್ಮಾರನ ಹತ್ರ ನಾನೇ ಹೊಸದು ಮಾಡಿಸ್ಕೊಡ್ತೀನಿ.”

ಆ ಸಂಜೆ ಗುಂಪಿಗೆ ಪ್ಲೇನೋದಿಂದ ಒಂದು ಫೋಟೋ ಬಂತು. ಅಣ್ಣಾಸಾಹೇಬ ಆಗಲೇ ಜೋಕಾಲಿ ಏರಿಸಿದ್ದ. ಮಣೆಯ ಮೇಲೆ ಅವನ ಮೊಮ್ಮಕ್ಕಳಿಬ್ಬರು ಹಲ್ಲು ಕಿರಿಯುತ್ತ ಕೂತಿದ್ದರು. ಕೆಳಗೆ ಬರೆದಿದ್ದ: “ಇರಣ್ಣ ಪಾಸ್ ಮಾಡಿದ ಕೊಕ್ಕಿ.” ಇರಣ್ಣ ಫೋಟೋವನ್ನು ಮತ್ತೆ ಮತ್ತೆ ನೋಡಿದ. ಅವನ ಕೊಕ್ಕೆ ಬೇರೆ, ನಮ್ಮದು ಬೇರೆ ಎಂದುಕೊಂಡ. ನಾವು ಎರಡನ್ನು ನೋಡಿದೆವು, ಒಂದು ಸರಿ ಇತ್ತಲ್ಲ ಎಂದುಕೊಂಡ. ಊಟ ಸೇರಲಿಲ್ಲ. ಆದರೂ ಬರೆದದ್ದನ್ನು ಅಳಿಸಲಿಲ್ಲ.

“ಹೇಳಬೇಕಿಲ್ಲರಿ ಅವರಿಗೆ?” ಎಂದಳು ನಿಂಗವ್ವ.

“ಏನಂತ ಹೇಳ್ಲಿ? ನನಗs ತಿಳದಿಲ್ಲ.”

ಮಂಗಳವಾರ ಬೆಳಿಗ್ಗೆ ಗಂಡಹೆಂಡತಿ ಇಬ್ಬರೂ ಹ್ಯೂಸ್ಟನ್ನಿನ ಆ ವರ್ಕ್‌ಶಾಪಿಗೆ ಹೋದರು. ಶ್ರಾವಣಿ ಕೊಕ್ಕೆಯನ್ನು ಪ್ರೆಸ್ಸಿಗೆ ಸಿಕ್ಕಿಸಿ, ಮುಂದೆ ದಪ್ಪ ಗಾಜಿನ ತಡೆ ಇಳಿಸಿದಳು. ಯಂತ್ರ ನಿಧಾನವಾಗಿ ಎಳೆಯತೊಡಗಿತು. ಬಾಗು ಸ್ವಲ್ಪ ಬಿಚ್ಚಿಕೊಂಡಿತು. ಇರಣ್ಣ “ನೋಡು, ತಡೀತೈತಿ” ಎನ್ನುವಷ್ಟರಲ್ಲಿ ಪಟ್ಟೆಂದಿತು. ಅವನಂದುಕೊಂಡಷ್ಟು ದೊಡ್ಡ ಸದ್ದೇನೂ ಅಲ್ಲ. ಒಣ ಕಡ್ಡಿ ಮುರಿದಷ್ಟು.

ಶ್ರಾವಣಿ ಎರಡು ತುಂಡುಗಳನ್ನೂ ತಂದು ಅವನ ಅಂಗೈ ಮೇಲಿಟ್ಟಳು. ಮುರಿದ ಜಾಗದಲ್ಲಿ ಕಬ್ಬಿಣ ಎರಡು ಬಣ್ಣದಲ್ಲಿತ್ತು. ಒಂದು ಕಡೆ ಈಗ ತಾನೇ ಹರಿದ ಹೊಳೆಯುವ ಬೂದು. ಇನ್ನೊಂದು ಕಡೆ, ಹೆಚ್ಚುಕಡಿಮೆ ಅರ್ಧದಷ್ಟು, ತುಕ್ಕು ಹಿಡಿದ ಹಳೆಯ ಕಪ್ಪು.

“ಈ ಕಪ್ಪು ಭಾಗ ಮೊದಲೇ ಒಡೆದಿತ್ತು ಅಂಕಲ್. ನೀವೆಲ್ಲ ಜೀಕ್ತಿದ್ದಿದ್ದು ಉಳಿದರ್ಧದ ಮೇಲೆ.”

ಇರಣ್ಣ ಏನೋ ಹೇಳಲು ಹೋಗಿ ನಿಂತ. ಕಪ್ಪಿನ ಅಂಚಿನಲ್ಲಿ, ಬಿರುಕು ಬಾಯಿ ಬಿಟ್ಟಿದ್ದ ಕಡೆ, ಸ್ವಲ್ಪ ಕೆಂಪು ಬಣ್ಣ ಇಳಿದಿತ್ತು. ಕೆಂಪಿನ ಕೆಳಗೆ ಒಂದು ಎಳೆ ಬೇರೆ ಬಣ್ಣ. ಅವನು ತುಂಡನ್ನು ಕಿಟಕಿಯ ಬೆಳಕಿಗೆ ಹಿಡಿದ. ಗಿಣಿಹಸಿರು.

ನಿಂಗವ್ವನೂ ನೋಡಿದಳು. ಅವಳು ಗಂಡನ ತೋಳು ಹಿಡಿದುಕೊಂಡಳು.

ಹಸಿರು ಹಚ್ಚಿದ್ದು ಒಂದೇ ವರ್ಷ. ಆ ವರ್ಷ ಬಿರುಕು ಆಗಲೇ ಅಲ್ಲಿತ್ತು. ಅದರ ಬಾಯಿಗೆ ತಾನೇ ಕೈಯಾರೆ ಬಣ್ಣ ಬಳಿದಿದ್ದ. ಆಮೇಲೆ ವರ್ಷ ವರ್ಷವೂ ಕೆಂಪು ಬಳಿದು ಚೆಂದ ಮಾಡಿದ್ದ. ಅದರ ಕೆಳಗೇ ದಿಯಾ ನಿಂತು ಚಾವಣಿಯ ಹಕ್ಕಿ ಎಬ್ಬಿಸಿದ್ದಳು. ಆಗ ತಾನು ಚಪ್ಪಾಳೆ ತಟ್ಟಿ ಇನ್ನೂ ಮೇಲೆ, ಇನ್ನೂ ಮೇಲೆ ಎಂದಿದ್ದು ಇರಣ್ಣನಿಗೆ ನೆನಪಾಯಿತು. ಅಲ್ಲಿದ್ದ ಮರದ ಪೆಟ್ಟಿಗೆಯ ಮೇಲೆ ಕೂತುಬಿಟ್ಟ. ಹದಿಮೂರು ವರ್ಷದಲ್ಲಿ ಮೊದಲ ಸಲ ಅವನಿಗೆ ಜೋಕಾಲಿಯ ಬಗ್ಗೆ ಭಯವಾಯಿತು.

ಕೂತಲ್ಲಿಂದಲೇ ಫೋನು ತೆಗೆದು ಅಣ್ಣಾಸಾಹೇಬನಿಗೆ ಹಚ್ಚಿದ.

“ಅಣ್ಣಾ, ಜೋಕಾಲಿ ಇಳಸು. ಈಗಿಂದೀಗ ಇಳಸು.”

“ಯಾಕೋ? ನಿನ್ನಿ ಪಾಸ್ ಅಂದಿ. ಇವತ್ತ ಇಳಸು ಅಂತಿ. ತಲಿ ನೆಟ್ಟಗೈತೇನು?”

“ನೆಟ್ಟಗಿಲ್ಲ. ನಿನ್ನಿ ನಾ ಪೂರ್ತಿ ಕೇಳದs ಬರದ್ನಿ. ತಪ್ಪಾತು. ಮಕ್ಕಳನ್ನ ಇಳಸು, ಆಮ್ಯಾಲ ಎಷ್ಟ ಬೇಕಾದ್ರೂ ಬೈ.”

ಆ ಕಡೆ ಅಣ್ಣಾಸಾಹೇಬ ಮೊಮ್ಮಕ್ಕಳನ್ನು ಕೂಗುವುದು ಕೇಳಿಸಿತು. ಇರಣ್ಣ ಫೋನು ಇಟ್ಟವನೇ ಗುಂಪಿಗೂ ಬರೆದ: “ನಿನ್ನೆ ನಾನು ಹಾಕಿದ್ದು ತಪ್ಪು. ನಮ್ಮ ಒಂದು ಕೊಕ್ಕೆ ಒಳಗೆ ಒಡೆದಿತ್ತು. ಫೋಟೋ ನೋಡಿ.” ಈ ಸಲ ಯಾರೂ ಕೈ ಮುಗಿಯಲಿಲ್ಲ. ಎಲ್ಲರೂ ಪ್ರಶ್ನೆ ಕೇಳಿದರು. ಲೂಯಿಸ್‌ವಿಲ್‌ನ ಒಬ್ಬಾಕೆ ತೊಟ್ಟಿಲ ಸರಪಳಿಯ ಬಗ್ಗೆ ಕೇಳಿದಳು. ಇನ್ನೊಬ್ಬರು ದೋಣಿ ಎಳೆಯುವ ಟ್ರೇಲರಿನ ಕೊಕ್ಕೆಯ ಬಗ್ಗೆ ಕೇಳಿದರು.

ಪ್ಲೇನೋದ ಎರಡೂ ಕೊಕ್ಕೆಗಳನ್ನು ಅಣ್ಣಾಸಾಹೇಬ ಬುಧವಾರ ಡಾಲಸ್‌ನಲ್ಲಿ ಇಂಥದೇ ಪರೀಕ್ಷೆ ಮಾಡುವ ಕಡೆ ಒಯ್ದ. ಬಣ್ಣ ಕೆರೆದು, ಎರಡೂ ದಿಕ್ಕಿಗೆ ನೋಡಿದರು. ಎರಡರಲ್ಲೂ ಏನೂ ಇರಲಿಲ್ಲ.

ಇದನ್ನು ಕೇಳಿ ಇರಣ್ಣನ ತಲೆ ಮತ್ತೆ ಕೆಟ್ಟಿತು. “ಒಬ್ಬ ಕಮ್ಮಾರ, ಒಂದ ಕಬ್ಬಿಣ, ಒಂದ ದಿನ ಬಡದಿದ್ದು. ನಾಲ್ಕರಾಗ ಒಂದs ಯಾಕ ಒಡೀಬೇಕು?”

“ನಂಗೂ ಪೂರ್ತಿ ಗೊತ್ತಿಲ್ಲ ಅಂಕಲ್,” ಎಂದಳು ಶ್ರಾವಣಿ. “ಅದು ಇದ್ದ ಕಡೆ ಜಾಸ್ತಿ ಎಳೆತ ಬಿದ್ದಿರಬಹುದು. ಕಮ್ಮಾರನ ತಪ್ಪು ಅಂತ ಹೇಳೋಕಾಗಲ್ಲ. ಒಂದು ಸರಿ ಇದ್ರೆ ಅದರ ಜೋಡಿನೂ ಸರಿ ಇದೆ ಅಂತಿಲ್ಲ. ಒಂದು ಕೆಟ್ಟಿದ್ರೆ ಎಲ್ಲಾ ಕೆಟ್ಟಿದೆ ಅಂತಲೂ ಇಲ್ಲ. ಒಂದೊಂದನ್ನೂ ನೋಡ್ಬೇಕು.”

ಕಲಿತವಳಿಗೂ ಪೂರ್ತಿ ಗೊತ್ತಿಲ್ಲ ಎನ್ನಲು ನಾಚಿಕೆಯಿಲ್ಲ ಎಂಬುದು ಇರಣ್ಣನಿಗೆ ಆಶ್ಚರ್ಯ ತಂದಿತು. ತನಗೂ ಅಷ್ಟು ಬಂದಿದ್ದರೆ ಸೋಮವಾರದ ಸಂಜೆ ಆ ಫೋಟೋ ನೋಡುತ್ತ ಕೂರುವ ಪ್ರಸಂಗ ಇರುತ್ತಿರಲಿಲ್ಲ ಎಂದುಕೊಂಡ.

ಶುಕ್ರವಾರ ದಿಯಾ ಬಂದಳು. ಕಾರಿನಿಂದ ಇಳಿದವಳು ನೇರ ಗ್ಯಾರೇಜಿಗೆ ಹೋಗಿ ಮೇಜಿನ ಮೇಲಿದ್ದ ತುಂಡುಗಳನ್ನು ಎತ್ತಿಕೊಂಡಳು. ಹಸಿರು ಎಳೆಯ ಮೇಲೆ ಅವಳ ಬೆರಳು ನಿಂತಿತು.

“ಅಪ್ಪಾ, ದಿಸ್ ಈಸ್ ದ ಗ್ರೀನ್ ಇಯರ್.”

“ಹೂಂ.”

“ಐ ವಾಸ್ ಸ್ಟ್ಯಾಂಡಿಂಗ್ ಆನ್ ದಿಸ್.”

ಇರಣ್ಣ ಅವಳ ಕೈಯಿಂದ ಒಂದು ತುಂಡನ್ನು ತೆಗೆದುಕೊಂಡ. “ನಾನs ಬಣ್ಣ ಹಚ್ಚಿ ಮುಚ್ಚಿದ್ನಿ ಮಗಳ. ಗಟ್ಟಿ ಐತಿ ಗಟ್ಟಿ ಐತಿ ಅಂತ ಊರ ಮಂದಿಗೆಲ್ಲ ಹೇಳಿದ್ನಿ. ನನಗs ಗೊತ್ತಿದ್ದಿದ್ದಿಲ್ಲ.”

ದಿಯಾ ಅಪ್ಪನನ್ನು ತಬ್ಬಿಕೊಂಡಳು. ತಪ್ಪಿಲ್ಲ ಬಿಡು ಎಂದು ಅವಳೂ ಹೇಳಲಿಲ್ಲ, ಅವನೂ ಅದನ್ನು ನಿರೀಕ್ಷಿಸಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, “ಸೋ, ಹೂ ಚೆಕ್ಡ್ ದ ನ್ಯೂ ಒನ್ಸ್?” ಎಂದಳು.

ಹಳೆಯ ಜೋಡಿಯ ಬದಲು ಇರಣ್ಣ ಕೊಂಡು ತಂದ ಹೊಸ ಕೊಕ್ಕೆಗಳು ಇಷ್ಟು ತೂಕ ತಡೆಯುತ್ತವೆ ಎಂದು ಮೈಮೇಲೆ ಅಚ್ಚೊತ್ತಿದ ಗಟ್ಟಿ ಕೊಕ್ಕೆಗಳು. ಹೊಸವೆಂದು ಶ್ರಾವಣಿ ಬಿಟ್ಟಿರಲಿಲ್ಲ. ಅವನ್ನೂ ಎರಡು ದಿಕ್ಕಿಗೆ ನೋಡಿದ್ದಳು. ಇರಣ್ಣ ಅವಳ ಪಕ್ಕದಲ್ಲೇ ಕೂತು, ಅವಳು ಮುಗಿಯಿತು ಎನ್ನುವವರೆಗೆ ಫೋನನ್ನು ಮುಟ್ಟಿರಲಿಲ್ಲ. ಶನಿವಾರ ಬೆಳಿಗ್ಗೆ ನಿಂಗವ್ವ ಅವಕ್ಕೆ ಅರಿಶಿನ ಕುಂಕುಮದ ಒಂದೊಂದು ಬೊಟ್ಟು ಇಟ್ಟಳು. ಬಣ್ಣದ ಡಬ್ಬಿ ಕಪಾಟಿನಲ್ಲಿಯೇ ಉಳಿಯಿತು.

ಜನ ಬಂದರು. ಜೋಳದ ಅಳ್ಳು, ಉಂಡಿ ಹಂಚಿಯಾಯಿತು. ದಿಯಾ ಸೀರೆಯ ಸೆರಗು ಸಿಕ್ಕಿಸಿಕೊಂಡು ಮಣೆಯ ಮೇಲೆ ನಿಂತಳು. ಎದುರಿಗೆ ಶ್ರಾವಣಿಯನ್ನೇ ನಿಲ್ಲಿಸಿಕೊಂಡಳು. ಜೋಕಾಲಿ ಮೆಲ್ಲಗೆ ಶುರುವಾಗಿ, ಮೇಲೆ ಹೋಗಿ, ಬೇಲಿಯನ್ನು ದಾಟಿತು. ಇರಣ್ಣ ಈ ಸಲ ಚಪ್ಪಾಳೆ ತಟ್ಟಲಿಲ್ಲ. ಕೊಕ್ಕೆಗಳನ್ನೇ ನೋಡುತ್ತ ನಿಂತ, ಅವು ಸುಮ್ಮನೆ ತಮ್ಮ ಕೆಲಸ ಮಾಡುತ್ತಿದ್ದವು. ಆಮೇಲೆ ಕಣ್ಣು ಕೆಳಗಿಳಿಸಿ ಮಗಳ ಮುಖ ನೋಡಿದ. ಆಗ ನಕ್ಕ.

ಓದುತ್ತಿರುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ಈಗ ನಿಮ್ಮ ಮನೆಯ ಕಡೆ ನೋಡಿ. ಮನುಷ್ಯರ ಭಾರ ಹೊರುವ ಕಬ್ಬಿಣ ನಿಮ್ಮಲ್ಲೂ ಇದೆ: ಜೋಕಾಲಿಯ ಕೊಕ್ಕೆ, ತೊಟ್ಟಿಲ ಸರಪಳಿ, ಟ್ರೇಲರಿನ ಕೊಂಡಿ. ಅದಕ್ಕೆ ಬಣ್ಣ ಹಚ್ಚುವ ಮೊದಲು ಹಳೆಯ ಬಣ್ಣ ಕೆರೆದು ಬರಿಮೈ ನೋಡಿ. ಇದನ್ನು ಕಲಿತವರ ಕೈಯಲ್ಲಿ ಮ್ಯಾಗ್ನೆಟ್ ಪರೀಕ್ಷೆ ಮಾಡಿಸಿ, ಎರಡೂ ದಿಕ್ಕಿಗೆ ನೋಡಿದಿರಾ ಎಂದು ಕೇಳಿ. ಫ್ರಿಜ್ಜಿನ ಮ್ಯಾಗ್ನೆಟ್ ಹಚ್ಚಿ ಸಮಾಧಾನ ಪಡಬೇಡಿ. ಹಿತ್ತಾಳೆ, ಅಲ್ಯೂಮಿನಿಯಮ್ಮಿಗೆ ಈ ಪರೀಕ್ಷೆ ನಡೆಯುವುದಿಲ್ಲ, ಅವಕ್ಕೆ ಬೇರೆ ಇದೆ, ಅದನ್ನೂ ಕೇಳಿಕೊಳ್ಳಿ. ಬಿರುಕು ಕಂಡರೆ ಬೆಸೆಯಬೇಡಿ, ಅದನ್ನು ಬಳಸುವುದನ್ನೇ ಬಿಟ್ಟುಬಿಡಿ. ಇಷ್ಟೆಲ್ಲ ಕೇಳಿ ತಲೆ ಗೊಂದಲವಾದರೆ ಆಗಲಿ. ಇರಣ್ಣನಿಗೂ ಆಗಿತ್ತು, ಗೊಂದಲದಿಂದ ಯಾರಿಗೂ ಪೆಟ್ಟಾಗಲಿಲ್ಲ. ಪೆಟ್ಟಾಗಲಿದ್ದದ್ದು ಅವನ ಖಾತ್ರಿಯಿಂದ.

ಈಗಲೂ ಜನ ಅವನನ್ನು ಕೇಳುತ್ತಾರೆ. “ಜೋಕಾಲಿ ಗಟ್ಟಿ ಐತಿಲ್ರಿ ಇರಣ್ಣ?”

ಅವನು ಪಾನಾ ತೆಗೆಯುವುದಿಲ್ಲ. “ನೋಡದs ಹೇಳಂಗಿಲ್ರಿ,” ಎನ್ನುತ್ತಾನೆ. “ಮುಂದಿನ ಪಂಚಮೀದು ಇನ್ನೂ ನೋಡಿಸಿಲ್ಲ.”

ನೀವು ನಿಮ್ಮದನ್ನು ನೋಡಿಸಿದಿರಾ?